ಅಮೆರಿಕದ ಉತ್ತರದ ರಾಜ್ಯಗಳು ಮೊದಲಿನಿಂದಲೂ ಗುಲಾಮಗಿರಿಯ ವಿರುದ್ಧ ಇದ್ದವೇ?

ಹಾಗೇನಿಲ್ಲ. ತಮ್ಮಲ್ಲಿ ಗುಲಾಮಗಿರಿ ನಿಲ್ಲಿಸಿದ್ದರು ನಿಜ, ಆದರೆ ದಕ್ಷಿಣದ ಹತ್ತಿ ಇವರ ಗಿರಣಿಗಳಿಗೂ ಬೇಕಿತ್ತು. 'ನಮಗ್ಯಾಕೆ ಊರ ಉಸಾಬರಿ' ಎಂದು ಸುಮ್ಮನಿದ್ದವರೇ ಜಾಸ್ತಿ. ಗುಲಾಮಗಿರಿ ಕೂಡಲೇ ತೊಲಗಲಿ ಎಂದು ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಲಾಯ್ಡ್ ಗ್ಯಾರಿಸನ್‌ನನ್ನು 1835ರಲ್ಲಿ ಬಾಸ್ಟನ್‌ನ ಜನರೇ ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದಾಡಿದ್ದರು!

ಗಾಳಿ ತಿರುಗಿಸಿದ್ದು 1850ರ ಕಾನೂನು. ಓಡಿಬಂದ ಗುಲಾಮರನ್ನು ಹಿಡಿಯಲು ಉತ್ತರದವರೂ ನೆರವಾಗಬೇಕು. ಸಿಕ್ಕವನಿಗೆ ಜ್ಯೂರಿ ಇಲ್ಲ, ಅವನ ಸಾಕ್ಷಿ ನಡೆಯುವುದಿಲ್ಲ. ಇನ್ನೊಂದು ವಿಚಿತ್ರ ನೋಡಿ: ವಾಪಸ್ ಕಳಿಸಿದರೆ ತೀರ್ಪು ಕೊಡುವ ಅಧಿಕಾರಿಗೆ (ಕಮಿಷನರ್) 10 ಡಾಲರ್, ಬಿಟ್ಟರೆ 5.

1854ರಲ್ಲಿ ಅದೇ ಬಾಸ್ಟನ್‌ನಲ್ಲಿ, ದಕ್ಷಿಣದಿಂದ ಓಡಿಬಂದಿದ್ದ ಗುಲಾಮ ಆಂಥೊನಿ ಬರ್ನ್ಸ್ ಸಿಕ್ಕಿಬಿದ್ದ. ಸೈನಿಕರ ಕಾವಲಿನಲ್ಲಿ ಅವನನ್ನು ಹಡಗಿನತ್ತ ನಡೆಸಿಕೊಂಡು ಹೋಗುವಾಗ ಅಂಗಡಿಗಳ ಮುಂದೆ ಕಪ್ಪು ಬಟ್ಟೆ ತೂಗುತ್ತಿತ್ತು. ರಸ್ತೆಯ ಮೇಲೆ 'ಸ್ವಾತಂತ್ರ್ಯ' ಎಂದು ಬರೆದ ಶವಪೆಟ್ಟಿಗೆಯನ್ನೇ ನೇತುಹಾಕಿದ್ದರು. ದೂರದ ತೋಟದ ವಿಷಯ ಮನೆಬಾಗಿಲಿಗೇ ಬಂದರೆ ಸುಮ್ನೆ ಇರೋದು ಕಷ್ಟ, ಅಲ್ವಾ? ಅದೇ ವಾರ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಬಂದು, ಪಶ್ಚಿಮದ ಹೊಸ ಜಾಗಗಳಿಗೂ ಗುಲಾಮಗಿರಿ ಹಬ್ಬಲು ದಾರಿಯಾಯಿತು. ರಿಪಬ್ಲಿಕನ್ ಪಕ್ಷ ಹುಟ್ಟಿದ್ದು ಆ ಸಿಟ್ಟಿನಲ್ಲೇ. 1860ರಲ್ಲಿ ಆ ಪಕ್ಷದ ಲಿಂಕನ್ ಗೆದ್ದ ಮೇಲೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೊರಟವು.