ಕಾರು ಮೇಳ ಯಾಕೆ ನಿಂತಿತು? ಸಿರುಗುಪ್ಪದ ಓದುಗರಿಗೆ ಉತ್ತರ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬಳ್ಳಾರಿಯ ಹಳೇ ಕಾರುಗಳ ಮೇಳ ಇನ್ನು ನಡೆಯುವುದಿಲ್ಲ ಎಂಬ ಸುದ್ದಿಯನ್ನು ನಾವು ಕಳೆದ ಸಂಚಿಕೆಯಲ್ಲಿ ಐದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ನಿಮಗೆ ಸಿಟ್ಟು ಬಂದಿದೆ. 'ಇಷ್ಟು ವರ್ಷ ನಡೆದದ್ದನ್ನು ಹೀಗೆ ಕೈಬಿಡುವುದಾ? ಈಗಿನ ಹುಡುಗರಿಗೆ ಮೊಬೈಲ್ ಬಿಟ್ಟರೆ ಏನೂ ಬೇಡ. ಯಾವುದಾದರೂ ಕಂಪನಿಗಾದರೂ ವಹಿಸಬಹುದಿತ್ತು' ಎಂದು ಬರೆದಿದ್ದೀರಿ. ಐದು ಸಾಲು ಬಹಳ ಕಡಿಮೆಯಾಯಿತು. ಅದು ನನ್ನ ತಪ್ಪು. ಆದರೆ ಹುಡುಗರ ಬಗ್ಗೆ, ಕಂಪನಿಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪಲಾರೆ. ಆ ಮೇಳದ ಗೇಟಿನಲ್ಲಿ ನಾನೂ ಆರು ವರ್ಷ ನಿಂತಿದ್ದೇನೆ.

ನೀವು ನೋಡಿದ್ದು ಭಾನುವಾರದ ಮೇಳ. ಸಾಲಾಗಿ ನಿಂತ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ವಿಲ್ಲೀಸ್ ಜೀಪು. ಬಾನೆಟ್ ಎತ್ತಿದ ಕಡೆಯೆಲ್ಲ ಗುಂಪು. ಒಂದು ಕೈಯಲ್ಲಿ ಒಗ್ಗಾಣಿ ಮಿರ್ಚಿಯ ಪೊಟ್ಟಣ ಹಿಡಿದ ಮಕ್ಕಳು. ಸ್ಟೇರಿಂಗ್ ಪಕ್ಕದ ಗೇರು ನೋಡಿ 'ಇದೇನು ಸಾರ್ ಇಲ್ಲಿದೆ?' ಎಂದು ಕೇಳುವ ಹುಡುಗರು. ನಾನು ನೋಡಿದ್ದು ಅದರ ಹಿಂದಿನ ಮೂರು ತಿಂಗಳು. ಬಯಲಿಗೆ ಅನುಮತಿ, ಪೊಲೀಸ್ ಅನುಮತಿ, ಮೈಕ್ ಅನುಮತಿ, ನೀರಿನ ಟ್ಯಾಂಕರ್, ಶಾಮಿಯಾನ. ಶನಿವಾರ ರಾತ್ರಿ ಸುಣ್ಣದ ಗೆರೆ ಎಳೆಯುವುದು. ಪ್ರತಿ ನಾಲ್ಕು ಕಾರಿಗೆ ಒಂದು ಮರಳಿನ ಬಕೆಟ್ ಇಡುವುದು. ಹೊಸಪೇಟೆ, ಗಂಗಾವತಿ, ಆದವಾನಿಯಿಂದ ಗಾಡಿ ತಂದವರಿಗೆ ಊಟ, ಮಲಗಲು ಜಾಗ. ಇಷ್ಟನ್ನೂ ಹೊತ್ತವರು ನಾಲ್ಕೇ ಜನ. ಒಬ್ಬರು ನಿವೃತ್ತ ಬಸ್ ಡ್ರೈವರ್, ಇಬ್ಬರು ಮಾಸ್ತರರು, ಇನ್ನೊಬ್ಬರು ಕೌಲ್ ಬಜಾರಿನ ಮೆಕ್ಯಾನಿಕ್. ಆ ಮೆಕ್ಯಾನಿಕ್ ಊರಿಗೆಲ್ಲ ಚಾಚಾ. ಈಗ ನಾಲ್ವರಿಗೂ ಎಪ್ಪತ್ತು ದಾಟಿದೆ.

ಮೇಳ ಜನವರಿಯಲ್ಲೇ ಯಾಕೆ ಇರುತ್ತಿತ್ತು ಎಂದು ನಿಮಗೆ ಹೇಳಬೇಕಿಲ್ಲ. ನಮ್ಮ ಬಿಸಿಲಿಗೆ ಹಳೇ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಪಂಪು ಎಳೆಯುವುದಿಲ್ಲ. ಒಮ್ಮೆ ಮೇಳ ಫೆಬ್ರವರಿ ಕೊನೆಗೆ ಹೋಗಿತ್ತು. ಮಧ್ಯಾಹ್ನ ಒಂದಾದ ಮೇಲೊಂದು ಏಳು ಕಾರು ನಿಂತವು. ಚಾಚಾ ತಮ್ಮ ಹೆಗಲ ಟವೆಲ್ ಹರಿದು, ನೀರಲ್ಲಿ ಅದ್ದಿ, ಒಂದೊಂದೇ ಪಂಪಿಗೆ ಸುತ್ತುತ್ತಾ ಹೋದರು. ಹತ್ತು ನಿಮಿಷಕ್ಕೆ ಎಲ್ಲವೂ ಸ್ಟಾರ್ಟ್ ಆದವು. ಪಕ್ಕದಲ್ಲಿ ನಿಂತು ಬಟ್ಟೆ ಹಿಂಡಿ ಕೊಟ್ಟವರು ಪಾಲಿಟೆಕ್ನಿಕ್ ಹುಡುಗರು. ಅದಕ್ಕೇ ಹೇಳುತ್ತೇನೆ, ಹುಡುಗರನ್ನು ಬೈಯಬೇಡಿ. ಅವರು ಬರುತ್ತಿದ್ದರು. ಆದರೆ ಅನುಮತಿಯ ಕಾಗದ ಓಡಾಡುವುದು ಮಂಗಳವಾರ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಅವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿರುತ್ತಾರೆ, ಇಲ್ಲವೇ ಬೆಂಗಳೂರಿನಲ್ಲಿ. ರಜೆ ಹಾಕಿ ಕಚೇರಿ ಮುಂದೆ ಕಾಯಿರಿ ಎಂದು ಯಾವ ಬಾಯಲ್ಲಿ ಹೇಳುವುದು?

ಕಾರುಗಳೂ ಕಡಿಮೆಯಾದವು. ಇದಕ್ಕೆ ನಿಯಮವೂ ಒಂದು ಕಾರಣ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಲ್ಲಿ ಅದು 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ಐದೈದು ವರ್ಷಕ್ಕೊಮ್ಮೆ ಇದನ್ನು ಕಟ್ಟಬೇಕು. 2021ರಲ್ಲಿ ವಿಂಟೇಜ್ ಕಾರುಗಳಿಗೆ ಬೇರೆಯೇ ನೋಂದಣಿ ಬಂತು, ನಿಜ. ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು, ಮೂಲ ರೂಪ ಬದಲಾಗಿರಬಾರದು. ಅಂದರೆ 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾರುತಿ 800ಗಳು ಕೂಡ 2033ರವರೆಗೆ ಕಾಯಬೇಕು. ನಮ್ಮ ಕಡೆ ಮನೆಮನೆಯಲ್ಲಿ ಉಳಿದಿರುವುದು ಹೀಗೆ 15 ದಾಟಿದ, 50 ತುಂಬದ ಗಾಡಿಗಳೇ. ರಾಜರ ಕಾರುಗಳಿಗೆ ಹೇಗೋ ದಾರಿ ಸಿಗುತ್ತದೆ. ಮಾಸ್ತರರ ಮಾರುತಿಗೆ ಏನು ದಾರಿ? ಇದು ನನಗೆ ನಿಜವಾಗಿ ನೋವಿನ ವಿಷಯ.

ಕಂಪನಿಯ ಮಾತು. ಒಬ್ಬರು ಮುಂದೆ ಬಂದಿದ್ದರು. ಅವರಿಗೆ ಮುಂದಿನ ಸಾಲಿನಲ್ಲಿ ಹೊಸ ಕಾರಿನ ಮಳಿಗೆ ಬೇಕಿತ್ತು, ಗೇಟಿನಲ್ಲಿ ಟಿಕೆಟ್ ಬೇಕಿತ್ತು. ನಾಲ್ವರೂ ಬೇಡ ಎಂದರು. ನಾನಿದ್ದರೂ ಬೇಡ ಎನ್ನುತ್ತಿದ್ದೆ. ಟಿಕೆಟ್ ಇಟ್ಟರೆ ಕೌಲ್ ಬಜಾರಿನ ಮಕ್ಕಳು ಕಾಂಪೌಂಡ್ ಹೊರಗೇ ನಿಲ್ಲುತ್ತಿದ್ದರು, ಅಲ್ವಾ?

ಇಂಗ್ಲೆಂಡಿನ ಹಳೇ ಕಾರುಗಳ ಲಂಡನ್–ಬ್ರೈಟನ್ ಓಟದ ಉದಾಹರಣೆ ಕೊಟ್ಟಿದ್ದೀರಿ. 1896ರಲ್ಲಿ ಅದೇ ದಾರಿಯಲ್ಲಿ ನಡೆದ ಕಾರುಗಳ ಪಯಣವನ್ನು ನೆನೆದು 1927ರಲ್ಲಿ ಮತ್ತೆ ಶುರು ಮಾಡಿದರು. 1905ಕ್ಕಿಂತ ಮೊದಲು ತಯಾರಾದ ಗಾಡಿಗಳು ಇಂದಿಗೂ ಓಡುತ್ತವೆ. ಆದರೆ ಅದರ ಹಿಂದೆ ಸಂಬಳದ ನೌಕರರಿರುವ ದೊಡ್ಡ ಕ್ಲಬ್ ಇದೆ. 1964ರಲ್ಲಿ ದೆಹಲಿಯಲ್ಲಿ ಶುರುವಾದ ಹಳೇ ಕಾರುಗಳ ಸ್ಟೇಟ್ಸ್‌ಮನ್ ರ್‍ಯಾಲಿಯ ಹಿಂದೆ ಒಂದು ಪತ್ರಿಕೆಯೇ ಇತ್ತು. ನಮ್ಮ ಮೇಳದ ಕಚೇರಿ ಎಂದರೆ ಮಾಸ್ತರರ ಮನೆಯ ಒಂದು ಕಬ್ಬಿಣದ ಬೀರು.

'ಇನ್ನು ಆಗಂಗಿಲ್ಲ ಸಾರ್' ಎಂದು ಚಾಚಾ ಹೇಳಿದ ದಿನ ನಾನು ಅಲ್ಲೇ ಇದ್ದೆ. ಅವರು ಹಾಗೇ ಕೈಬಿಡಲಿಲ್ಲ. ಶಾಮಿಯಾನದವರ ಬಾಕಿ ತೀರಿಸಿದರು. ಉಳಿದ ಹಣವನ್ನು ಚಂದಾ ಕೊಟ್ಟವರಿಗೆ ಲೆಕ್ಕ ಹಾಕಿ ವಾಪಸ್ ಕೊಟ್ಟರು. ಬಕೆಟ್, ಹಗ್ಗ ಎಲ್ಲ ಶಾಲೆಗೆ ಹೋದವು. ಹೆಸರನ್ನು ಯಾರಿಗೂ ಮಾರಲಿಲ್ಲ. ಇದನ್ನು ಕೈಬಿಡುವುದು ಎಂದು ಕರೆಯಲು ನನ್ನಿಂದ ಆಗದು. ಹೊಸಬರು ಬೇರೆ ಹೆಸರಿನಲ್ಲಿ, ತಮಗೆ ಸಾಧ್ಯವಾದಷ್ಟು ಚಿಕ್ಕದಾಗಿ ಏನಾದರೂ ಮಾಡಲಿ. ನಮ್ಮ ಪತ್ರಿಕೆಯ ಒಂದು ಪುಟ ಅವರಿಗಾಗಿ ಇರುತ್ತದೆ.

ನೋಂದಣಿ ಪುಸ್ತಕ ನನ್ನ ಬಳಿ ಬಂದಿದೆ. ಉದ್ದನೆಯ ಲೆಡ್ಜರ್. ಗಾಡಿ ನಂಬರ್, ಇಸವಿ, ಯಾರು ತಂದರು, ಎಲ್ಲ ಇದೆ. ಕೆಲವು ಸಾಲಿನ ಮುಂದೆ 'ಮಾರಿದ್ದಾರೆ' ಎಂದಿದೆ, ಕೆಲವು ಕಡೆ 'ಗುಜರಿಗೆ'. ನಿಮ್ಮ ಪತ್ರ ಬಂದ ಮೇಲೆ ಹುಡುಕಿದೆ. ನಿಮ್ಮ ತಂದೆಯವರ ಫಿಯೆಟ್ 1100 ಸಿಕ್ಕಿತು, 1969ರದ್ದು. ಮೂರು ವರ್ಷ ಬಂದಿದೆ. ಆಮೇಲೆ ಚಾಚಾ ಕೈಬರಹದಲ್ಲಿ 'ಶೆಡ್ಡಿನಲ್ಲಿದೆ' ಅಂತ ಮಾತ್ರ ಇದೆ. ಈಗಲೂ ಭತ್ತದ ಚೀಲಗಳ ಹಿಂದೆ ಟಾರ್ಪಾಲ್ ಕೆಳಗಿದೆ ಎಂದು ನೀವೇ ಬರೆದಿದ್ದೀರಿ.

ಅದಕ್ಕೆ 50 ದಾಟಿದೆ. ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಸುಮ್ನೆ ಬ್ಯಾಟರಿ ಹಾಕಿ ಕೀ ತಿರುಗಿಸಬೇಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ, ಅದು ಅಂಟಾಗಿರುತ್ತದೆ. ಪ್ಲಗ್ ಬಿಚ್ಚಿ ನಾಲ್ಕೂ ತೂತಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಎರಡು ದಿನ ಬಿಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಬಿಗಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ರಬ್ಬರ್ ಪೈಪುಗಳನ್ನು ಬದಲಿಸಲೇಬೇಕು. ಈಗಿನ ಪೆಟ್ರೋಲಿನ ಎಥೆನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ಪೈಪು ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡಿನಿಂದ ತರಿಸೋಣ.

ಚಾಚಾಗೆ ಹೇಳಿದ್ದೇನೆ. ಮೇಳ ನಿಲ್ಲಿಸಿದ್ದಾರೆ, ತಮ್ಮ ಮೆಕ್ಯಾನಿಕ್ ಶೆಡ್ ನಿಲ್ಲಿಸಿಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಸಿರುಗುಪ್ಪಕ್ಕೆ ಬರುತ್ತೇವೆ. ಬೆಳಿಗ್ಗೆ ಎಂಟರೊಳಗೆ ಚೀಲಗಳನ್ನು ಸರಿಸಿಟ್ಟಿರಿ. ಆರ್‌ಸಿ ಪುಸ್ತಕವನ್ನೂ ಹುಡುಕಿಡಿ.

— ಸಂಪಾದಕ