ಮೊದಲ ದಿನವೇ ಆಟ ಕೊಂಡವರ ನಂಬಿಕೆ

ಕುಮಟಾದ ಗೆಳೆಯರು ಎರಡು ವಿಷಯ ಕೇಳಿದ್ದಾರೆ: ಮುಂದಿನ ತಿಂಗಳು ಬರುವ ಕಂಪ್ಯೂಟರ್ ಆಟಕ್ಕೆ ಈಗಲೇ ಮುಂಗಡ ಕೊಡಬಹುದೇ, ಮತ್ತು ಹತ್ತು ವರ್ಷ ಒಂದೇ ಕಂಪನಿಯ ಆಟಗಳನ್ನು ಕೊಂಡವರೂ ಈಚೆಗೆ ಅದನ್ನು ಬಿಡುತ್ತಿರುವುದೇಕೆ. ಬೆಲೆ ಹೆಚ್ಚಾಯಿತೆಂದು ಬಿಟ್ಟವರಿಗಿಂತ, ಮೊದಲು ಕೊಂಡದ್ದೇ ತಪ್ಪಾಯಿತಲ್ಲ ಎಂದು ನೊಂದು ಬಿಟ್ಟವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಅವರಲ್ಲಿ ನಾನೂ ಒಬ್ಬ. ಮೂರು ವರ್ಷದ ಹಿಂದೆ ಅಡಿಕೆ ಕೊಯ್ಲು ಮುಗಿದ ಮೇಲೆ, ದೊಡ್ಡ ಕಂಪನಿಯೊಂದರ ಆಟವನ್ನು ಬಿಡುಗಡೆಯ ದಿನವೇ 3,999 ರೂಪಾಯಿಗೆ ಕೊಂಡೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದ ಕಾರಣ ಕಂಪ್ಯೂಟರನ್ನು ಶಿರಸಿ ಪೇಟೆಯಲ್ಲಿರುವ ಅಕ್ಕನ ಮನೆಗೆ ಒಯ್ದು, ಎರಡು ರಾತ್ರಿ ಅಲ್ಲಿಯೇ ಇಟ್ಟು, 90 ಜಿಬಿ ಇಳಿಸಿಕೊಂಡು ಬಂದೆ. ಮಳೆಗಾಲದಲ್ಲಿ ತೋಟಕ್ಕೆ ಮದ್ದು ಹೊಡೆಯುವ ಹೊತ್ತಿಗೆ ಅದೇ ಆಟ, ಆಮೇಲೆ ಸೇರಿಸಿದ ಎರಡು ಅಧ್ಯಾಯಗಳ ಸಮೇತ, 1,599ಕ್ಕೆ ಸಿಗುತ್ತಿತ್ತು. ನನಗೆ ಮಾತ್ರ ಆ ಅಧ್ಯಾಯಗಳಿಗೆ ಬೇರೆ ದುಡ್ಡು. ಟೆಂಡರಿನಲ್ಲಿ ಅಡಿಕೆಯ ದರ ಇಳಿದರೆ ನಾವು ಯಾರನ್ನೂ ದೂರುವುದಿಲ್ಲ, ಏಕೆಂದರೆ ಅದು ಒಬ್ಬರ ಕೈಯಲ್ಲಿಲ್ಲ. ಆಟದ ಬೆಲೆಯನ್ನು ಏರಿಸುವುದೂ ಇಳಿಸುವುದೂ ಅದನ್ನು ಹೊರತರುವ ಕಂಪನಿ, ಅಂದರೆ ಪ್ರಕಾಶಕರೇ. ಆಟ ಚೆನ್ನಾಗಿಯೇ ಇತ್ತು, ಆದರೆ ಆ ಕಂಪನಿಯ ಮುಂದಿನ ಆಟ ಬಂದಾಗ ಕೊಳ್ಳಲು ಮನಸ್ಸಾಗಲಿಲ್ಲ.

ಬೇರೆ ರೀತಿ ನಡೆದುಕೊಂಡವರೂ ಇದ್ದಾರೆ. ಫ್ಯಾಕ್ಟೋರಿಯೋ ಆಟವನ್ನು ತಯಾರಿಸಿದವರು ಅದನ್ನು ರಿಯಾಯಿತಿಯಲ್ಲಿ ಮಾರುವುದೇ ಇಲ್ಲ. 2023ರ ಜನವರಿಯಲ್ಲಿ ಬೆಲೆಯನ್ನು 30 ಡಾಲರಿನಿಂದ 35ಕ್ಕೆ ಏರಿಸಿದಾಗಲೂ ಮುಂಚಿತವಾಗಿ ತಿಳಿಸಿದರು, ಹೀಗಾಗಿ ಮೊದಲು ಕೊಂಡವರಿಗೆ ನಷ್ಟವಾಯಿತೆಂಬ ಭಾವನೆ ಬರುವ ಪ್ರಮೇಯವೇ ಇಲ್ಲ. 2011ರಲ್ಲಿ ನಿಂಟೆಂಡೊ ಕೈಯಲ್ಲಿ ಹಿಡಿದು ಆಡುವ ತನ್ನ 3ಡಿಎಸ್ ಯಂತ್ರದ ಬೆಲೆಯನ್ನು ಬಂದು ಆರು ತಿಂಗಳು ತುಂಬುವುದರೊಳಗೆ ಅಮೆರಿಕದಲ್ಲಿ ಸುಮಾರು 250 ಡಾಲರಿನಿಂದ 170ಕ್ಕೆ ಇಳಿಸಿತು, ಆದರೆ ಅಷ್ಟರೊಳಗೆ ಕೊಂಡಿದ್ದವರಿಗೆ 20 ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟಿತು. ಬೆಲೆ ಇಳಿಸುವುದು ತಪ್ಪಲ್ಲ, ಮೊದಲು ನಂಬಿ ಬಂದವರನ್ನು ಮರೆಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಪೂರ್ತಿ ಬೆಲೆ ತೆಗೆದುಕೊಂಡ ಮೇಲೂ ಆಟದೊಳಗೆ ಅದೃಷ್ಟದ ಪೆಟ್ಟಿಗೆಗಳನ್ನು (ಒಳಗೇನಿದೆ ಎಂದು ತಿಳಿಯದೆಯೇ ದುಡ್ಡು ಕೊಟ್ಟು ತೆರೆಯುವಂಥವು) ಮಾರಲು ಹೊರಟ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದ ಪ್ರಕಾಶಕರು 2017ರಲ್ಲಿ ಆಟಗಾರರ ಸಿಟ್ಟಿಗೆ ಮಣಿದು, ಬಿಡುಗಡೆಯ ಹೊಸ್ತಿಲಲ್ಲೇ ಆ ಮಾರಾಟವನ್ನು ನಿಲ್ಲಿಸಬೇಕಾಯಿತು.

ಇನ್ನು ನಿಮ್ಮ ಮುಂಗಡದ ವಿಷಯ. ಆ ಪ್ರಕಾಶಕರ ಹಿಂದಿನ ಎರಡು ಮೂರು ಆಟಗಳ ಬೆಲೆ ಎಷ್ಟು ತಿಂಗಳಿಗೆ ಎಷ್ಟು ಇಳಿಯಿತೆಂಬುದನ್ನು ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯ ಬೆಲೆಗಳನ್ನು ದಾಖಲಿಸುವ ಸ್ಟೀಮ್‌ಡಿಬಿ ತಾಣದಲ್ಲಿ ರೂಪಾಯಿ ಲೆಕ್ಕದಲ್ಲೇ ನೋಡಬಹುದು. ಪ್ರತಿ ಸಲವೂ ಆರು ತಿಂಗಳೊಳಗೆ ಅರ್ಧಕ್ಕೆ ಇಳಿದಿದ್ದರೆ ದಯವಿಟ್ಟು ಕಾಯಿರಿ. ಈಗಾಗಲೇ ಸ್ಟೀಮ್‌ನಲ್ಲಿ ಮುಂಗಡ ಕೊಟ್ಟಿದ್ದರೆ ಬಿಡುಗಡೆಗೆ ಮುನ್ನ ಯಾವಾಗ ಬೇಕಾದರೂ ಹಣ ಹಿಂದಕ್ಕೆ ಕೇಳಬಹುದು, ಬಿಡುಗಡೆಯಾದ ಮೇಲಾದರೆ 14 ದಿನಗಳೊಳಗೆ, ಅದೂ ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಮಾತ್ರ. ನಿಧಾನದ ನೆಟ್‌ನಲ್ಲಿ ಇಳಿಸಿಕೊಳ್ಳಲು ಒಂದು ವಾರ ಹಿಡಿದರೆ ಆ ವಾರವೂ ಈ 14 ದಿನಗಳಲ್ಲೇ ಕಳೆದುಹೋಗುತ್ತದೆ, ಆದ್ದರಿಂದ ಇಳಿಸಿಕೊಳ್ಳುವ ಜಾಗ ಗೊತ್ತು ಮಾಡಿಕೊಂಡ ಮೇಲೆಯೇ ಹಣ ಕಟ್ಟಿರಿ.