ಬಲಗಡೆ ಕಿಟಕಿ ಹಿಡಿಯಿರಿ

ಪ್ರಶ್ನೆ: ಅಕ್ಟೋಬರ್ ಕೊನೆ ವಾರ ಫ್ರಾನ್ಸಿನ ನೀಸ್‌ನಲ್ಲಿ ಮೂರು ದಿನ ಇರುತ್ತೇವೆ. ನಾನು, ನಮ್ಮ ಯಜಮಾನರು, 68 ವರ್ಷದ ಅತ್ತೆ. ಒಂದು ದಿನ ಕಡಲ ಪಕ್ಕದ ರೈಲಿನಲ್ಲಿ ಇಟಲಿವರೆಗೆ ಹೋಗಿಬರುವ ಆಸೆ. ಆದರೆ ಆಗ ಅಲ್ಲಿ ಮಳೆ ಜಾಸ್ತಿಯಂತೆ. ಪ್ಲ್ಯಾನ್ ಬಿಟ್ಟುಬಿಡೋದಾ? ಊಟಕ್ಕೇನು? ನಾವು ಸಸ್ಯಾಹಾರಿಗಳು.
— ಓದುಗಿ, ಜಯನಗರ

ಉತ್ತರ: ಬಿಡಬೇಡಿ. ಮಳೆ ದಿನ ಬೀಚಿನಲ್ಲಿ ಕೂರಲು ಆಗಲ್ಲ, ಕಾರು ಮಾಡಿಕೊಂಡು ಹೋದರೆ ಎರಡು ವೈಪರ್ ಬಿಟ್ಟು ಬೇರೇನೂ ಕಾಣುವುದಿಲ್ಲ, ಆದರೆ ರೈಲಿನ ಕಿಟಕಿಗೆ ಮಳೆ ಒಂದು ಲೆಕ್ಕವೇ ಅಲ್ಲ. ನಾನು ಹೋದದ್ದೂ ನವೆಂಬರ್ ಮಳೆಯಲ್ಲೇ. ತಪ್ಪು ಮಾಡಿದ್ದು ಒಂದೇ, ಎಡಗಡೆ ಕೂತೆ. ಒಂದು ಗಂಟೆ ಒದ್ದೆ ಗೋಡೆ, ಬಂಡೆ, ಯಾರದೋ ಮನೆಯ ಹಿಂಬಾಗಿಲು ನೋಡಿದೆ. ನೀಸ್‌ನಿಂದ ಹೋಗುವಾಗ ಕಡಲು ಬಲಕ್ಕೆ, ಬರುವಾಗ ಎಡಕ್ಕೆ. ಇದೊಂದು ನೆನಪಿಟ್ಟುಕೊಳ್ಳಿ.

ನೀಸ್ ಬಿಟ್ಟು ಸುರಂಗ ದಾಟಿದರೆ ವಿಲ್‌ಫ್ರಾಂಶ್ ಕೊಲ್ಲಿ. ಮಳೆಯಲ್ಲಿ ಕಡಲು ಪೋಸ್ಟರಿನ ನೀಲಿ ಇರುವುದಿಲ್ಲ, ಪಾಚಿ ಬಣ್ಣಕ್ಕೆ ತಿರುಗಿರುತ್ತದೆ. ನನಗಂತೂ ಅದೇ ಇಷ್ಟವಾಯಿತು. ಆಮೇಲೆ ಮೊನಾಕೊ. ಇಲ್ಲಿಗೆ ರೈಲು ಬಂದದ್ದು 1868ರಲ್ಲಿ, ಆದರೆ ಈಗಿನ ನಿಲ್ದಾಣ 1999ರದು, ಬೆಟ್ಟದ ಹೊಟ್ಟೆಯೊಳಗಿದೆ. ಲಿಫ್ಟು, ಎಸ್ಕಲೇಟರ್ ಎಲ್ಲಾ ಇರುವುದರಿಂದ ಅತ್ತೆಯವರಿಗೆ ಕಷ್ಟವಿಲ್ಲ. ಇಡೀ ದೇಶ ಅಂದರೆ ಸುಮಾರು ಎರಡು ಲಾಲ್‌ಬಾಗ್‌ನಷ್ಟು, ಅಷ್ಟೇ! ಮಳೆ ಜೋರಾದರೆ ಬಸ್ ಹಿಡಿದು ಅಲ್ಲಿನ ಸಮುದ್ರ ಮ್ಯೂಸಿಯಮ್ಮಿಗೆ ಹೋಗಿ. 1910ರಲ್ಲಿ ಶುರುವಾದದ್ದು, ಕಡಲಂಚಿನ ಬಂಡೆ ಮೇಲೇ ಕಟ್ಟಿದ್ದಾರೆ. ಎರಡು ಮೂರು ಗಂಟೆ ಆರಾಮಾಗಿ ಕಳೆಯಬಹುದು. ಕ್ಯಾಸಿನೊ ಹೊರಗಿಂದ ನೋಡಿದರೆ ಸಾಕು.

ಮುಂದೆ ಮಾಂತೋನ್, ನಿಂಬೆಹಣ್ಣಿಗೆ ಹೆಸರಾದ ಊರು. ಅದು ದಾಟಿದರೆ ಇಟಲಿಯ ವೆಂತಿಮಿಲ್ಯಾ. ಎರಡೂ ಕಡೆ ಶೆಂಗೆನ್ ವೀಸಾ ನಡೆಯುತ್ತದೆ ಅಂತ ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ವಾಪಸ್ ಬರುವಾಗ ಗಡಿಯಲ್ಲಿ ಫ್ರೆಂಚ್ ಪೊಲೀಸರು ರೈಲು ಹತ್ತಿ ಕೇಳುತ್ತಾರೆ.

ಇನ್ನು ಮಳೆ ವಿಷಯ. ನಮಗೆ ಜೂನ್ ಅಂದರೆ ಮಳೆ, ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಒಣಗಿರುತ್ತದೆ, ಜೋರು ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ. ಬೇಸಿಗೆಯಿಡೀ ಕಾದ ಕಡಲಿಂದ ಎದ್ದ ತೇವದ ಗಾಳಿ ಹಿಂದಿರುವ ಆಲ್ಪ್ಸ್‌ಗೆ ಬಡಿದು ಸುರಿಯುತ್ತದೆ, ಥೇಟ್ ನಮ್ಮ ಘಟ್ಟದ ಹಾಗೆ. ಸಾಮಾನ್ಯವಾಗಿ ಒಂದೆರಡು ದಿನ ಹೊಡೆದು ಬಿಸಿಲು ಬರುತ್ತದೆ. ಆದರೆ ಹಗುರವಾಗಿ ತಗೋಬೇಡಿ. 2020ರ ಅಕ್ಟೋಬರ್ 2ರಂದು ನೀಸ್ ಹಿಂದಿನ ಕಣಿವೆಯಲ್ಲಿ ಒಂದೇ ದಿನ ಸುಮಾರು 500 ಮಿ.ಮೀ. ಬಿತ್ತು, ಅಂದರೆ ಬೆಂಗಳೂರಿಗೆ ವರ್ಷಕ್ಕೆ ಬೀಳುವುದರಲ್ಲಿ ಅರ್ಧ; ಮನೆ, ಸೇತುವೆಗಳೇ ಕೊಚ್ಚಿಹೋದವು. ಅಲ್ಲಿನ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತದೆ. ಹಳದಿ ಇದ್ದರೆ ಹುಷಾರಾಗಿ ಹೋಗಿ. ಕಿತ್ತಳೆ, ಕೆಂಪು ಇದ್ದರೆ ರೂಮಿನಲ್ಲೇ ಇರಿ. ಕೊಡೆಗಿಂತ ರೈನ್‌ಕೋಟ್ ವಾಸಿ, ಕಡಲ ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ.

ಊಟಕ್ಕೆ ನೀಸ್‌ನಲ್ಲಿ ಸೊಕ್ಕಾ ತಿನ್ನಿ. ಹೆಸರಿನಲ್ಲಿ ಮಾತ್ರ ಸೊಕ್ಕು, ತಿಂದರೆ ಪಾಪ ನಮ್ಮ ಕಡ್ಲೆಹಿಟ್ಟಿನ ದೋಸೆಯೇ, ಆಲಿವ್ ಎಣ್ಣೆ ಹಾಕಿ ಸೌದೆ ಒಲೆಯಲ್ಲಿ ದೊಡ್ಡ ತಟ್ಟೆಯಲ್ಲಿ ಬೇಯಿಸುತ್ತಾರೆ. ಬಿಸಿಬಿಸಿ ಇರುವಾಗಲೇ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿಕೊಳ್ಳಿ. ಪಿಸಾಲಾದಿಯೇರ್ ಅನ್ನುವ ಈರುಳ್ಳಿ ರೊಟ್ಟಿ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಸಣ್ಣ ಮೀನು ಇರುತ್ತದೆ.

ಪ್ರಶ್ನೆ: ಇಟಲಿಯ ಚಿಂಕ್ವೆ ತೆರ್ರೆ ಇದಕ್ಕಿಂತ ಚೆನ್ನಾಗಿದೆ ಅನ್ನುತ್ತಾರಲ್ಲ?
— ಓದುಗರು, ಮಲ್ಲೇಶ್ವರ

ಉತ್ತರ: ಊರುಗಳು ಚೆನ್ನಾಗಿವೆ, ರೈಲಿನ ಕಿಟಕಿ ಅಲ್ಲ. ಐದು ಊರುಗಳ ಮಧ್ಯೆ ಹೆಚ್ಚು ಪಾಲು ಸುರಂಗವೇ. ಅಲ್ಲಿ ಇಳಿದು ನಡೆಯಬೇಕು, ಜೋರು ಮಳೆ ಬಂದರೆ ಕಾಲುದಾರಿ ಮುಚ್ಚುತ್ತಾರೆ. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾ, ಮೊಂತೆರೊಸ್ಸೊ ಎರಡೂ ಕೆಸರಿನಲ್ಲಿ ಹೂತುಹೋಗಿದ್ದವು. ಮೇ ತಿಂಗಳಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಮಳೆ, ಸುರಂಗ, ರೈಲು ನೋಡಲು ಅಷ್ಟು ದುಡ್ಡು ಯಾಕೆ ಸ್ವಾಮಿ? ನಮ್ಮ ಮಂಗಳೂರು ರೈಲು ಸಾಲದಾ?
— ಓದುಗರು, ಬಸವನಗುಡಿ

ಉತ್ತರ: ಸಕಲೇಶಪುರ ದಾಟಿ ಸುಬ್ರಹ್ಮಣ್ಯದವರೆಗೆ 57 ಸುರಂಗ. ಜುಲೈಯಲ್ಲಿ ಹಗಲು ಹೊತ್ತು ಆ ಘಟ್ಟ ಇಳಿದವರು ಯಾವ ಊರಿನ ರೈಲಿಗೂ ಸುಲಭಕ್ಕೆ ಬೆರಗಾಗಲ್ಲ, ಒಪ್ಪಿದೆ. ಆದರೆ ಅಲ್ಲಿ ಕಿಟಕಿಯಲ್ಲಿ ಕಡಲು ಕಾಣಲ್ಲವಲ್ಲ. ಇನ್ನು ಜಯನಗರದವರು ಟಿಕೆಟ್ ಬುಕ್ ಮಾಡಿ ಆಗಿದೆ, ಅವರನ್ನು ಹೋಗಲು ಬಿಡಿ ಮಾರಾಯ್ರೆ.